ಸ್ವಯಂಚಾಲಿತ ತಪಾಸಣೆಗೆ ಗರ್ಭಕಂಠದ ಕೋಶಮಾದರಿಯನ್ನು ಅಣಿಗೊಳಿಸುವುದು ಹೇಗೆ

ಗರ್ಭಕಂಠದ ಕ್ಯಾನ್ಸರ್ ರಾತ್ರೋರಾತ್ರಿ ಹುಟ್ಟುವ ಕಾಯಿಲೆಯಲ್ಲ. ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್‌ನ ಅಪಾಯಕಾರಿ ಬಗೆಗಳು, ಅದರಲ್ಲೂ 16 ಮತ್ತು 18ನೆಯ ಬಗೆಗಳು, ಗರ್ಭಕಂಠದ ಹೊದಿಕೆಯಲ್ಲಿ ವರ್ಷಗಟ್ಟಲೆ ಬೀಡುಬಿಟ್ಟಾಗ ಅಲ್ಲಿನ ಕೋಶಗಳು ಮೆಲ್ಲಗೆ ರೂಪಗೆಡುತ್ತಾ ಹೋಗುತ್ತವೆ. ಈ ರೂಪಗೇಡನ್ನು ಮೊದಲೇ ಗುರುತಿಸಿದರೆ ಕ್ಯಾನ್ಸರ್ ತಲೆದೋರದಂತೆ ತಡೆಯಬಹುದು. ಜಾರ್ಜ್ ಪ್ಯಾಪನಿಕೊಲಾವ್ 1940ರ ದಶಕದಲ್ಲಿ ತೋರಿಸಿಕೊಟ್ಟ ಪ್ಯಾಪ್ ಪರೀಕ್ಷೆ, ಅಂದರೆ ಗರ್ಭಕಂಠದ ಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಇಂದಿಗೂ ನಿಂತಿರುವುದು ಈ ಒಂದು ಸತ್ಯದ ಮೇಲೆ. ಇಂದು ಆ ಸ್ಲೈಡುಗಳನ್ನು ಮೊದಲು ನೋಡುವುದು ಅನೇಕ ಪ್ರಯೋಗಾಲಯಗಳಲ್ಲಿ ಮನುಷ್ಯರ ಕಣ್ಣಲ್ಲ, ಯಂತ್ರ.

ಯಂತ್ರದಿಂದ ಸ್ಲೈಡ್ ಓದಿಸುವ ಆಸೆ ಹೊಸದೇನಲ್ಲ. 1950ರ ದಶಕದಲ್ಲೇ ಅಮೆರಿಕದಲ್ಲಿ ಸೈಟೊಅನಲೈಜರ್ ಎಂಬ ಯಂತ್ರವನ್ನು ಕಟ್ಟಿ ಪರೀಕ್ಷಿಸಿದ್ದರು. ಸ್ಲೈಡಿನ ಮೇಲೆ ನೇರವಾಗಿ ಸವರಿದ ಮಾದರಿಯಲ್ಲಿ ಕೋಶಗಳು ಒಂದರ ಮೇಲೊಂದು ಬಿದ್ದಿರುತ್ತವೆ, ನಡುನಡುವೆ ಬಿಳಿರಕ್ತಕಣಗಳೂ ಲೋಳೆಯೂ ಸೇರಿಕೊಂಡಿರುತ್ತವೆ. ಯಂತ್ರಕ್ಕೆ ಆ ರಾಶಿಗೂ ರೂಪಗೆಟ್ಟ ದೊಡ್ಡ ಕೋಶಕೇಂದ್ರಕ್ಕೂ ವ್ಯತ್ಯಾಸ ತಿಳಿಯಲಿಲ್ಲ; ಸುಳ್ಳು ಎಚ್ಚರಿಕೆಗಳು ಮಿತಿಮೀರಿದವು, ಯೋಜನೆ ಕೈಬಿಟ್ಟುಹೋಯಿತು. ಕೋಶಗಳನ್ನು ದ್ರಾವಣದಲ್ಲಿ ಸಂಗ್ರಹಿಸಿ ತೆಳುಪದರವಾಗಿ ಹರಡುವ ವಿಧಾನ ಬಂದ ಮೇಲೆಯೇ ಸ್ವಯಂಚಾಲಿತ ತಪಾಸಣೆ ದಿನನಿತ್ಯದ ಕೆಲಸವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಥಿನ್‌ಪ್ರೆಪ್ ಎಂಬ ಅಂಥ ವಿಧಾನಕ್ಕೆ ಒಪ್ಪಿಗೆ ಕೊಟ್ಟದ್ದು 1996ರಲ್ಲಿ, ಅದರ ಸ್ಲೈಡುಗಳ ಚಿತ್ರ ತೆಗೆದು ಓದುವ ಚಿತ್ರಣ ಯಂತ್ರಕ್ಕೆ ಒಪ್ಪಿಗೆ ಕೊಟ್ಟದ್ದು 2003ರಲ್ಲಿ. ಮೊದಲು ಮಾದರಿ ಸುಧಾರಿಸಿತು, ಆಮೇಲೆ ಯಂತ್ರ ಗೆದ್ದಿತು. ಈ ಕ್ರಮವನ್ನು ಸೈಟಾಲಜಿ (ಕೋಶಪರೀಕ್ಷೆ) ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು. ಅನುಭವವುಳ್ಳ ಕಣ್ಣು ಸಾಧಾರಣ ಸ್ಲೈಡಿನಲ್ಲೂ ಏನನ್ನೋ ಹುಡುಕಿ ತೆಗೆದೀತು; ಯಂತ್ರ ಅಂಥ ರಿಯಾಯಿತಿ ತೋರಿಸುವುದಿಲ್ಲ.

ಮಾದರಿ ತೆಗೆಯುವಾಗ

ತಪಾಸಣೆಗೆ ಬರುವ ಮಹಿಳೆಗೆ ಮೊದಲೇ ತಿಳಿಸಬೇಕಾದ ಮಾತುಗಳು ಕೆಲವೇ. ಮುಟ್ಟಿನ ದಿನಗಳನ್ನು ಬಿಟ್ಟು ಬರುವುದು ಒಳ್ಳೆಯದು. ಪರೀಕ್ಷೆಗೆ ಮುಂಚಿನ ಎರಡು ದಿನ ಯೋನಿಯೊಳಗೆ ಹಚ್ಚುವ ಔಷಧ, ಕ್ರೀಮು ಬಳಸಬಾರದು, ಒಳಭಾಗವನ್ನು ತೊಳೆದುಕೊಳ್ಳಲೂ ಬಾರದು. ಪರೀಕ್ಷೆಯ ಕೋಣೆಯಲ್ಲಿ ಮರೆ ಇರಬೇಕು, ಏನು ಮಾಡಲಾಗುತ್ತದೆ ಎಂಬುದನ್ನು ಮೊದಲೇ ಹೇಳಬೇಕು. ಹೆದರಿ ಮೈ ಬಿಗಿಹಿಡಿದ ಮಹಿಳೆಯಲ್ಲಿ ಗರ್ಭಕಂಠ ಸರಿಯಾಗಿ ಕಾಣಿಸುವುದಿಲ್ಲ, ಆಗ ಬ್ರಷ್ ತಲುಪಬೇಕಾದ ಜಾಗವನ್ನು ತಲುಪುವುದೂ ಇಲ್ಲ.

ಯೋನಿಯನ್ನು ಅಗಲಿಸಿ ಗರ್ಭಕಂಠ ಕಾಣುವಂತೆ ಮಾಡುವ ಸ್ಪೆಕ್ಯುಲಮ್ ಎಂಬ ಉಪಕರಣ ಜಾರುವುದಕ್ಕೆ ಉಗುರುಬೆಚ್ಚಗಿನ ನೀರು ಸಾಕಾಗುತ್ತದೆ. ಜೆಲ್ ಬೇಕೇಬೇಕೆಂದಾದರೆ ಕಾರ್ಬೋಮರ್ ಎಂಬ ಗಟ್ಟಿಗೊಳಿಸುವ ಪದಾರ್ಥ ಇಲ್ಲದ, ನೀರಿನಲ್ಲಿ ಕರಗುವ ಜೆಲ್ಲನ್ನು ತೀರಾ ಕಡಿಮೆ ಪ್ರಮಾಣದಲ್ಲಿ, ಸ್ಪೆಕ್ಯುಲಮ್ಮಿನ ಹೊರಮೈಗೆ ಮಾತ್ರ, ತುದಿಗೆ ತಾಗದಂತೆ ಸವರಬೇಕು. ಕಾರ್ಬೋಮರ್ ಸೀಸೆಯ ದ್ರಾವಣಕ್ಕೆ ಸೇರಿದರೆ ಮುಂದೆ ಸೋಸುಪೊರೆ ಕಟ್ಟಿಕೊಳ್ಳುತ್ತದೆ, ಸ್ಲೈಡಿಗೆ ಬರಬೇಕಾದ ಕೋಶಗಳು ಬರುವುದಿಲ್ಲ.

ಕೋಶಗಳನ್ನು ತೆಗೆಯಬೇಕಾದದ್ದು ಪರಿವರ್ತನಾ ವಲಯದಿಂದ, ಅಂದರೆ ಹೊರಗಿನ ಚಪ್ಪಟೆ ಕೋಶಗಳೂ ಗರ್ಭಕಂಠದ ಕಾಲುವೆಯ ಒಳಗಿನ ಸ್ತಂಭಾಕಾರದ ಕೋಶಗಳೂ ಸಂಧಿಸುವ ಜಾಗದಿಂದ. ರೋಗ ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ. ಪೊರಕೆಯಾಕಾರದ ಬ್ರಷ್ಷಾದರೆ ನಡುವಿನ ಉದ್ದನೆಯ ಎಳೆಗಳು ಕಾಲುವೆಯೊಳಗೆ ಇಳಿದು, ಪಕ್ಕದ ಗಿಡ್ಡ ಎಳೆಗಳು ಹೊರಮೈಗೆ ಪೂರ್ತಿ ತಾಗುವಂತೆ ಮೆಲ್ಲಗೆ ಒತ್ತಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಐದು ಪೂರ್ತಿ ಸುತ್ತು ತಿರುಗಿಸಬೇಕು. ಸ್ಪ್ಯಾಚುಲಾ (ಕೋಶ ಕೆರೆಯುವ ಚಪ್ಪಟೆ ಕಡ್ಡಿ) ಮತ್ತು ಕಾಲುವೆಯ ಬ್ರಷ್ ಎರಡನ್ನೂ ಬಳಸುವುದಾದರೆ ಸ್ಪ್ಯಾಚುಲಾ ಪ್ಲಾಸ್ಟಿಕ್ಕಿನದೇ ಆಗಿರಬೇಕು, ಏಕೆಂದರೆ ಮರದ ಸ್ಪ್ಯಾಚುಲಾ ಕೋಶಗಳನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಮೊದಲು ಸ್ಪ್ಯಾಚುಲಾ, ಆಮೇಲೆ ಬ್ರಷ್. ಬ್ರಷ್ಷನ್ನು ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಮಾತ್ರ ತಿರುಗಿಸಬೇಕು, ಅದಕ್ಕಿಂತ ಹೆಚ್ಚಾದರೆ ರಕ್ತ ಬರುತ್ತದೆ. ಗರ್ಭಿಣಿಯರಲ್ಲಿ ಕಾಲುವೆಯ ಬ್ರಷ್ ಬಳಸಬಾರದು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆಯೂ ಅದೇ ದಿನ ಇದ್ದರೆ ಕೋಶಮಾದರಿಯನ್ನು ಅದಕ್ಕಿಂತ ಮೊದಲೇ ತೆಗೆದುಕೊಳ್ಳಬೇಕು.

ಸೀಸೆಯಲ್ಲಿ ಜಾಲಿಸುವುದು

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಕೋಶಗಳು ನಷ್ಟವಾಗುವುದು ಇಲ್ಲಿಯೇ ಎಂಬುದು ನನ್ನ ಅನುಭವದ ಮಾತು. ಆದರೂ ಅರ್ಧ ನಿಮಿಷವೂ ಹಿಡಿಯದ ಈ ಹಂತವನ್ನು ಅವಸರದಲ್ಲಿ ಮುಗಿಸುವವರೇ ಹೆಚ್ಚು.

ಬಳಕೆಯಲ್ಲಿರುವ ಎರಡು ಮುಖ್ಯ ವಿಧಾನಗಳ ನಡುವಿನ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳಬೇಕು. ಥಿನ್‌ಪ್ರೆಪ್ ಸೀಸೆಯಲ್ಲಿರುವುದು ಮೆಥನಾಲ್ ಆಧಾರಿತ ದ್ರಾವಣ. ಇದರಲ್ಲಿ ಬ್ರಷ್ಷನ್ನು ಜಾಲಿಸಿ ಹೊರಗೆ ಎಸೆಯಬೇಕು. ಶ್ಯೂರ್‌ಪಾಥ್ ಸೀಸೆಯಲ್ಲಿರುವುದು ಎಥನಾಲ್ ಆಧಾರಿತ ದ್ರಾವಣ. ಇದರಲ್ಲಿ ಬ್ರಷ್ಷಿನ ತಲೆಯನ್ನು ಹಿಡಿಯಿಂದ ಬೇರ್ಪಡಿಸಿ ಸೀಸೆಯೊಳಗೇ ಬಿಡಬೇಕು. ಎರಡೂ ಬಗೆಯ ಸೀಸೆಗಳು ಬರುವ ಕಡೆ ಈ ನಿಯಮಗಳು ಅದಲುಬದಲಾಗುವುದು ಸುಲಭ. ಶ್ಯೂರ್‌ಪಾಥ್ ಸೀಸೆಗೆ ಬ್ರಷ್ಷಿನ ತಲೆ ಹಾಕದೆ ಬರೀ ಅದ್ದಿ ತೆಗೆದರೆ ಮಾದರಿಯ ಒಂದು ಪಾಲು ಕಸದ ಬುಟ್ಟಿಗೆ ಹೋಯಿತೆಂದೇ ಅರ್ಥ.

ಜಾಲಿಸುವ ಕ್ರಮವನ್ನು ಹತ್ತಿರದಿಂದ ನೋಡೋಣ. ಪೊರಕೆಯಾಕಾರದ ಬ್ರಷ್ಷನ್ನು ಥಿನ್‌ಪ್ರೆಪ್ ಸೀಸೆಯ ತಳಕ್ಕೆ ಇಳಿಸಿ, ಎಳೆಗಳು ಹೂವಿನ ದಳಗಳಂತೆ ಅಗಲಕ್ಕೆ ಬಿಚ್ಚಿಕೊಳ್ಳುವಷ್ಟು ಬಲವಾಗಿ ತಳಕ್ಕೆ ಒತ್ತಬೇಕು. ಹೀಗೆ ಹತ್ತು ಸಲ. ಒತ್ತಿದಾಗಲೆಲ್ಲ ಎಳೆಗಳ ಬುಡದಲ್ಲಿ ಸಿಕ್ಕಿಕೊಂಡಿದ್ದ ಲೋಳೆಯ ಎಳೆ ಸಡಿಲವಾಗಿ ದ್ರಾವಣದಲ್ಲಿ ತೇಲುವುದು ಕಣ್ಣಿಗೇ ಕಾಣುತ್ತದೆ. ಕೊನೆಯಲ್ಲಿ ಬ್ರಷ್ಷನ್ನು ರಭಸವಾಗಿ ತಿರುಗಿಸಿ, ಎತ್ತಿ ಬೆಳಕಿಗೆ ಹಿಡಿದು ನೋಡಬೇಕು. ಎಳೆಗಳ ನಡುವೆ ಇನ್ನೂ ಏನಾದರೂ ಅಂಟಿದ್ದರೆ ಮತ್ತೆ ಜಾಲಿಸಬೇಕು. ಪ್ಲಾಸ್ಟಿಕ್ ಸ್ಪ್ಯಾಚುಲಾವನ್ನು ದ್ರಾವಣದಲ್ಲಿ ಹತ್ತು ಸಲ ರಭಸವಾಗಿ ತಿರುಗಿಸಬೇಕು. ಕಾಲುವೆಯ ಬ್ರಷ್ಷನ್ನು ಸೀಸೆಯ ಗೋಡೆಗೆ ಒತ್ತಿ ಹಿಡಿದು ಹತ್ತು ಸಲ ತಿರುಗಿಸಬೇಕು. ಇವೆಲ್ಲ ಮಾದರಿ ತೆಗೆದ ಕೂಡಲೇ ಆಗಬೇಕು. ಬ್ರಷ್ಷನ್ನು ಟ್ರೇನಲ್ಲಿಟ್ಟು ಬೇರೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಕೋಶಗಳು ಗಾಳಿಗೆ ಒಣಗಿರುತ್ತವೆ. ಹೀಗೆ ಒಣಗಿದ ಕೋಶಕೇಂದ್ರ ಊದಿಕೊಂಡು ಒಳವಿವರ ಕಳೆದುಕೊಳ್ಳುತ್ತದೆ, ಆಮೇಲೆ ಯಾವ ದ್ರಾವಣಕ್ಕೂ ಅದನ್ನು ಸರಿಪಡಿಸುವ ಶಕ್ತಿಯಿಲ್ಲ. ಬ್ರಷ್ಷನ್ನು ಸೀಸೆಯಲ್ಲೇ ನೆನೆಯಲು ಬಿಟ್ಟು ಆಮೇಲೆ ಜಾಲಿಸುವುದೂ ತಪ್ಪು, ಏಕೆಂದರೆ ದ್ರಾವಣದಲ್ಲಿ ಗಟ್ಟಿಯಾದ ಲೋಳೆ ಎಳೆಗಳನ್ನು ಬಿಟ್ಟು ಬರುವುದಿಲ್ಲ.

ಸೀಸೆಯ ಮುಚ್ಚಳವನ್ನು ಅದರ ಮೇಲಿನ ಗೆರೆ ಸೀಸೆಯ ಗೆರೆಯನ್ನು ದಾಟುವ ತನಕ ತಿರುಗಿಸಬೇಕು, ಇಲ್ಲದಿದ್ದರೆ ಸಾಗಣೆಯಲ್ಲಿ ದ್ರಾವಣ ಸೋರುತ್ತದೆ. ಹೆಸರು ಮತ್ತು ನೋಂದಣಿ ಸಂಖ್ಯೆಯಂಥ ಎರಡು ಗುರುತುಗಳನ್ನು ಸೀಸೆಯ ಮೈಮೇಲೆ ಬರೆಯಬೇಕು, ಮುಚ್ಚಳದ ಮೇಲಲ್ಲ. ನಾನು ಕೆಲಸ ಕಲಿಯುತ್ತಿದ್ದಾಗ ಒಂದೇ ಶಿಬಿರದಿಂದ ಬಂದ ಎರಡು ಸೀಸೆಗಳಿಗೆ ಮುಚ್ಚಳದ ಮೇಲೆ ಮಾತ್ರ ಹೆಸರಿತ್ತು. ಎರಡನ್ನೂ ಒಟ್ಟಿಗೆ ತೆರೆದು ಮುಚ್ಚಳಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದೆ. ಯಾವ ಮುಚ್ಚಳ ಯಾವ ಸೀಸೆಯದು ಎಂಬುದನ್ನು ಪ್ರಮಾಣ ಮಾಡಿ ಹೇಳಲು ನನಗೆ ಸಾಧ್ಯವಾಗಲಿಲ್ಲ. ಇಬ್ಬರನ್ನೂ ಮತ್ತೆ ಕರೆಸಬೇಕಾಯಿತು. ಅವರಲ್ಲಿ ಒಬ್ಬರು ಮಾತ್ರ ಬಂದರು. ಬಾರದೇ ಹೋದವರ ನೆನಪು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಂದಿನಿಂದ ನನ್ನ ಮೇಜಿನ ಮೇಲೆ ಒಮ್ಮೆಗೆ ಒಂದೇ ಸೀಸೆ ತೆರೆದಿರುತ್ತದೆ.

ಕೋಶಗಳಿರುವ ಥಿನ್‌ಪ್ರೆಪ್ ಸೀಸೆಯನ್ನು 15ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 6 ವಾರ ಇಡಬಹುದು. ಶ್ಯೂರ್‌ಪಾಥ್ ಸೀಸೆಯನ್ನು ಕೋಣೆಯ ತಾಪಮಾನದಲ್ಲಿ 4 ವಾರ, 2ರಿಂದ 10 ಡಿಗ್ರಿಯಲ್ಲಿ 6 ತಿಂಗಳು ಇಡಬಹುದು. ಎರಡೂ ದ್ರಾವಣಗಳು ಬೆಂಕಿ ಹತ್ತಿಕೊಳ್ಳುವಂಥವು, ಮೆಥನಾಲ್ ವಿಷವೂ ಹೌದು ಎಂಬುದನ್ನು ಸಾಗಿಸುವವರಿಗೂ ತಿಳಿಸಬೇಕು.

ತೆಳುಪದರ ಮೂಡುವ ಬಗೆ

ಥಿನ್‌ಪ್ರೆಪ್ ಯಂತ್ರದಲ್ಲಿ ತಳಕ್ಕೆ ಸೋಸುಪೊರೆ ಕಟ್ಟಿದ ಕೊಳವೆಯೊಂದು ಸೀಸೆಯೊಳಗೆ ಇಳಿದು ತಿರುಗುತ್ತದೆ. ಆ ತಿರುಗುವಿಕೆಯಿಂದ ಲೋಳೆಯ ಮುದ್ದೆಗಳು ಒಡೆದು ಕೋಶಗಳು ಬಿಡಿಬಿಡಿಯಾಗುತ್ತವೆ. ಆಮೇಲೆ ಯಂತ್ರ ದ್ರಾವಣವನ್ನು ಪೊರೆಯ ಮೂಲಕ ಮೆಲ್ಲಗೆ ಹೀರುತ್ತದೆ. ಕೋಶಗಳು ಪೊರೆಯ ಮೇಲೆ ಕೂರುತ್ತಾ ರಂಧ್ರಗಳನ್ನು ಮುಚ್ಚಿದ ಹಾಗೆ ಹರಿವು ಕಡಿಮೆಯಾಗುತ್ತದೆ. ಹರಿವು ಒಂದು ಮಟ್ಟಕ್ಕೆ ಇಳಿದಾಗ ಸಾಕಷ್ಟು ಕೋಶಗಳು ಸೇರಿವೆ ಎಂದು ಯಂತ್ರ ತೀರ್ಮಾನಿಸಿ, ಪೊರೆಯನ್ನು ಸ್ಲೈಡಿಗೆ ಒತ್ತಿ, 20 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ಕೋಶಗಳನ್ನು ಇಳಿಸಿ, ಸ್ಲೈಡನ್ನು ಆಲ್ಕೋಹಾಲ್ ಪಾತ್ರೆಗೆ ಬಿಡುತ್ತದೆ.

ರಂಧ್ರಗಳನ್ನು ಮುಚ್ಚಿದ್ದು ಕೋಶವೋ, ರಕ್ತವೋ, ಲೋಳೆಯೋ, ಜೆಲ್ಲೋ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ರಕ್ತ ಹೆಚ್ಚಿರುವ ಮಾದರಿಯಲ್ಲಿ ಪೊರೆ ಬೇಗ ಕಟ್ಟಿಕೊಂಡು, ಬೇಕಾದಷ್ಟು ಕೋಶಗಳು ಸೇರುವ ಮೊದಲೇ ಹೀರುವಿಕೆ ನಿಲ್ಲುತ್ತದೆ. ಅಂಥ ಸ್ಲೈಡನ್ನು ಬೆಳಕಿಗೆ ಹಿಡಿದರೆ ಕೋಶಗಳು ವೃತ್ತದ ಅಂಚಿನಲ್ಲಿ ಬಳೆಯಂತೆ ಸಾಲುಗಟ್ಟಿದ್ದು, ನಡುಭಾಗ ಬರಿದಾಗಿರುತ್ತದೆ. ಈ ಬಳೆ ಕಂಡರೆ ಸ್ಲೈಡನ್ನು ಹಾಗೆಯೇ ಮುಂದಕ್ಕೆ ಕಳಿಸಬಾರದು.

ಇದಕ್ಕೆ ಪರಿಹಾರವಿದೆ. ಸೀಸೆಯಲ್ಲಿ ಉಳಿದ ಮಾದರಿಯನ್ನು ಸೆಂಟ್ರಿಫ್ಯೂಜ್ ಮಾಡಿ, ಅಂದರೆ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕೋಶಗಳನ್ನು ತಳಕ್ಕಿಳಿಸಿ, ಮೇಲಿನ ದ್ರವವನ್ನು ಚೆಲ್ಲಬೇಕು. ತಳದಲ್ಲಿ ಉಳಿದ ಕೋಶಗಳಿಗೆ ಸೈಟೊಲಿಟ್ ಎಂಬ ತೊಳೆಯುವ ದ್ರಾವಣ 9 ಪಾಲು, ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ 1 ಪಾಲು ಬೆರೆಸಿದ 30 ಮಿಲಿಲೀಟರ್ ಮಿಶ್ರಣವನ್ನು ಹಾಕಿ ಕಲಕಬೇಕು. ಆಮ್ಲವು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮತ್ತೆ ಸೆಂಟ್ರಿಫ್ಯೂಜ್ ಮಾಡಿ, ದ್ರವ ಚೆಲ್ಲಿ, ಕೋಶಗಳನ್ನು ಹೊಸ ಸಂರಕ್ಷಕ ದ್ರಾವಣಕ್ಕೆ ಸೇರಿಸಿ ಎರಡನೆಯ ಸ್ಲೈಡ್ ಮಾಡಬೇಕು. ಗ್ಲೇಶಿಯಲ್ ಆಮ್ಲ ಚರ್ಮವನ್ನು ಸುಡುವಂಥದ್ದು. ಕೈಗವಸು, ಕನ್ನಡಕ, ಗಾಳಿ ಹೊರಹಾಕುವ ಕಪಾಟು ಇಲ್ಲದೆ ಅದನ್ನು ಮುಟ್ಟಬಾರದು. ಇನ್ನೊಂದು ಎಚ್ಚರಿಕೆ: ಅದೇ ಸೀಸೆಯಿಂದ ಎಚ್‌ಪಿವಿ ಪರೀಕ್ಷೆಯೂ ಆಗಬೇಕಿದ್ದರೆ ಅದಕ್ಕೆ ಬೇಕಾದ ಪಾಲನ್ನು ಆಮ್ಲ ಹಾಕುವ ಮೊದಲೇ ಬೇರೆ ತೆಗೆದಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲ ತಪಾಸಣೆಯಾಗಿ ಶಿಫಾರಸು ಮಾಡಿರುವುದರಿಂದ ಒಂದೇ ಸೀಸೆಯಿಂದ ಎರಡೂ ಪರೀಕ್ಷೆಗಳು ನಡೆಯುವುದು ಈಗ ಸಾಮಾನ್ಯ. ಹೀಗಾಗಿ ಮೊದಲೇ ಪಾಲು ತೆಗೆದಿಡಲು ಮರೆತರೆ ಎಚ್‌ಪಿವಿ ಪರೀಕ್ಷೆಗೆ ಪೆಟ್ಟು ಬೀಳುತ್ತದೆ.

ಶ್ಯೂರ್‌ಪಾಥ್ ವಿಧಾನದಲ್ಲಿ ಸೋಸುಪೊರೆ ಇಲ್ಲ. ಮಾದರಿಯನ್ನು ಸಾಂದ್ರ ದ್ರಾವಣವೊಂದರ ಮೇಲೆ ಪದರವಾಗಿ ಬಿಟ್ಟು ಸೆಂಟ್ರಿಫ್ಯೂಜ್ ಮಾಡಿದಾಗ ರಕ್ತ, ಲೋಳೆಯ ಹೆಚ್ಚಿನ ಪಾಲು ಮೇಲುಗಡೆಯೇ ಉಳಿಯುತ್ತದೆ, ಕೋಶಗಳು ಕೆಳಗೆ ಇಳಿಯುತ್ತವೆ. ತಳದಲ್ಲಿ ಸೇರಿದ ಕೋಶಗಳನ್ನು ಮತ್ತೆ ಕಲಕಿ, ಅಂಟುಗುಣದ ಲೇಪವಿರುವ ಸ್ಲೈಡಿನ ಮೇಲೆ ತಮ್ಮ ಭಾರದಿಂದಲೇ ಕೂರಲು ಬಿಡಲಾಗುತ್ತದೆ. ಇಲ್ಲಿ ವೃತ್ತದ ವ್ಯಾಸ 13 ಮಿಲಿಮೀಟರ್. ಪದರವಾಗಿ ಬಿಡುವಾಗ ಎರಡು ದ್ರವಗಳು ಬೆರೆತುಹೋಗದಂತೆ ನೋಡಿಕೊಳ್ಳುವುದೇ ಇಲ್ಲಿನ ಜಾಣ್ಮೆ.

ಬಣ್ಣ ಹಾಕುವುದು

ಯಂತ್ರಕ್ಕೆ ಮಾದರಿ ಅಣಿಗೊಳಿಸುವವರು ಅತಿ ಹೆಚ್ಚು ಶಿಸ್ತು ತೋರಿಸಬೇಕಾದದ್ದು ಇಲ್ಲಿ. ಪ್ಯಾಪನಿಕೊಲಾವ್ ಬಣ್ಣದಲ್ಲಿ ಹೆಮಟಾಕ್ಸಿಲಿನ್ ಕೋಶಕೇಂದ್ರವನ್ನು ನೀಲಿಯಾಗಿಸುತ್ತದೆ. ಆರೆಂಜ್ ಜಿ ಮತ್ತು ಇಎ ಎಂಬ ಬಣ್ಣಗಳು ಸುತ್ತಲಿನ ಕೋಶರಸಕ್ಕೆ ಕಿತ್ತಳೆ, ಗುಲಾಬಿ, ಹಸಿರು ಛಾಯೆ ಕೊಡುತ್ತವೆ. ಇಂದು ತುಸು ಗಾಢ, ನಾಳೆ ತುಸು ತೆಳು ಎಂಬ ವ್ಯತ್ಯಾಸವನ್ನು ಮನುಷ್ಯರ ಕಣ್ಣು ತಾನಾಗಿ ಸರಿದೂಗಿಸಿಕೊಳ್ಳುತ್ತದೆ. ಯಂತ್ರ ಮಾತ್ರ ಕೋಶಕೇಂದ್ರ ಎಷ್ಟು ಬೆಳಕನ್ನು ತಡೆಯುತ್ತದೆ ಎಂಬುದನ್ನು ಅಳೆದು, ಅದರಿಂದ ಡಿಎನ್‌ಎ ಪ್ರಮಾಣವನ್ನು ಅಂದಾಜಿಸುತ್ತದೆ. ಈ ಕಾರಣಕ್ಕೇ ಥಿನ್‌ಪ್ರೆಪ್ ಚಿತ್ರಣ ಯಂತ್ರಕ್ಕೆ ಡಿಎನ್‌ಎ ಪ್ರಮಾಣಕ್ಕೆ ತಕ್ಕಷ್ಟೇ ಹತ್ತುವ ಪ್ರತ್ಯೇಕ ಬಣ್ಣವನ್ನು ನಿಗದಿ ಮಾಡಿದ್ದಾರೆ. ಆ ಯಂತ್ರ ಸ್ಲೈಡಿನಿಂದ 22 ಕ್ಷೇತ್ರಗಳನ್ನು (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ಜಾಗಗಳನ್ನು) ಆರಿಸಿ ಪರೀಕ್ಷಕರ ಮುಂದಿಡುತ್ತದೆ. ಅವುಗಳಲ್ಲಿ ಅಸಹಜ ಕೋಶ ಕಂಡರೆ ಪರೀಕ್ಷಕರು ಇಡೀ ಸ್ಲೈಡನ್ನು ನೋಡುತ್ತಾರೆ. ಬಣ್ಣ ಕೈಕೊಟ್ಟರೆ ಆ ಆಯ್ಕೆಯೇ ದಾರಿ ತಪ್ಪುತ್ತದೆ.

ಹಾಗಾಗಿ ಕೆಲವು ನಿಯಮಗಳನ್ನು ಯಾವ ಕಾರಣಕ್ಕೂ ಸಡಿಲಿಸಬಾರದು. ತಯಾರಕರು ಹೇಳಿದ ಬಣ್ಣವನ್ನೇ, ಹೇಳಿದ ಸಮಯದಷ್ಟೇ ಬಳಸಬೇಕು. ಪ್ರಯೋಗಾಲಯದಲ್ಲೇ ಬೆರೆಸಿದ ಪರ್ಯಾಯ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಎಷ್ಟು ಸ್ಲೈಡುಗಳಾದ ಮೇಲೆ ದ್ರಾವಣ ಬದಲಿಸಬೇಕೆಂಬ ಲೆಕ್ಕವನ್ನು ಪಾತ್ರೆಯ ಪಕ್ಕದಲ್ಲೇ ಬರೆದಿಡಬೇಕು, ಬಣ್ಣ ತೆಳುವಾದದ್ದು ಕಣ್ಣಿಗೆ ಕಾಣುವ ತನಕ ಕಾಯಬಾರದು. ಬೆಳಿಗ್ಗೆ ಮೊದಲು ಒಂದು ನಿಯಂತ್ರಣ ಸ್ಲೈಡಿಗೆ ಬಣ್ಣ ಹಾಕಿ, ಮಧ್ಯಪದರದ ಚಪ್ಪಟೆ ಕೋಶದ ಕೇಂದ್ರವನ್ನು ನೋಡಬೇಕು. ಅದರ ವಿಸ್ತೀರ್ಣ ಸುಮಾರು 35 ಚದರ ಮೈಕ್ರಾನ್. ಉಳಿದ ಕೋಶಗಳನ್ನು ನಾವು ಹೋಲಿಸುವುದು ಇದರೊಂದಿಗೆ. ಅಲ್ಲಿ ಕ್ರೊಮ್ಯಾಟಿನ್‌ನ (ಕೋಶಕೇಂದ್ರದಲ್ಲಿ ಡಿಎನ್‌ಎ ಅಡಗಿರುವ ವಸ್ತುವಿನ) ನವಿರು ಕಣಗಳು ಸ್ಪಷ್ಟವಾಗಿ ಕಂಡರೆ ಮಾತ್ರ ಆ ದಿನದ ಸ್ಲೈಡುಗಳನ್ನು ಇಳಿಸಬೇಕು. ಮಸುಕಾಗಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ದಣಿದ ಹೆಮಟಾಕ್ಸಿಲಿನ್ ಅನ್ನು, ಆಮೇಲೆ ತೊಳೆಯುವ ನೀರನ್ನು. ಆಮ್ಲೀಯ ನೀರು, ಕ್ಲೋರಿನ್ ಹೆಚ್ಚಿರುವ ನೀರು ಎರಡೂ ನೀಲಿಯನ್ನು ಕೆಡಿಸುತ್ತವೆ. ಕೋಶರಸವೆಲ್ಲ ಗಾಢ ಕಿತ್ತಳೆಯಾಗಿದ್ದರೆ ಆರೆಂಜ್ ಜಿ ಹೆಚ್ಚಾಗಿದೆ ಎಂದರ್ಥ.

ಕೊನೆಯ ಆಲ್ಕೋಹಾಲ್ ಪಾತ್ರೆಗಳಿಗೆ ನೀರು ಸೇರಿದ್ದರೆ, ಆಮೇಲೆ ಸ್ಲೈಡನ್ನು ತಿಳಿಗೊಳಿಸಲು ಬಳಸುವ ಜೈಲೀನ್ ದ್ರವ ಹಾಲಿನಂತೆ ಮಬ್ಬಾಗುತ್ತದೆ. ಅದು ಕಂಡ ಕೂಡಲೇ ಆಲ್ಕೋಹಾಲ್ ಮತ್ತು ಜೈಲೀನ್ ಎರಡನ್ನೂ ಬದಲಿಸಬೇಕು.

ಕವರ್‌ಸ್ಲಿಪ್ ಮತ್ತು ಕೊನೆಯ ಪರಿಶೀಲನೆ

ಜೈಲೀನ್‌ನಿಂದ ತೆಗೆದ ಸ್ಲೈಡ್ ಒಣಗುವ ಮೊದಲೇ ಕವರ್‌ಸ್ಲಿಪ್ (ತೆಳು ಹೊದಿಕೆ) ಅಂಟಿಸಬೇಕು. ತಡವಾದರೆ ಕೋಶಗಳ ಮೇಲೆ ಗಾಳಿ ಸಿಕ್ಕಿಕೊಂಡು ಕಂದು ಬಣ್ಣದ ಹೊಳೆಯುವ ಕಲೆಗಳು ಮೂಡುತ್ತವೆ, ಅವು ಕೋಶಕೇಂದ್ರವನ್ನೇ ಮುಚ್ಚುತ್ತವೆ. ಹಾಗಾದಲ್ಲಿ ಕವರ್‌ಸ್ಲಿಪ್ಪನ್ನು ಜೈಲೀನ್‌ನಲ್ಲಿ ನೆನೆಸಿ ತೆಗೆದು ಮತ್ತೆ ಹಾಕಬಹುದು. ಗಾಳಿಗುಳ್ಳೆ ಇರಬಾರದು, ಕೋಶವೃತ್ತ ಪೂರ್ತಿ ಮುಚ್ಚಿರಬೇಕು, ಅಂಚಿನಿಂದ ಅಂಟು ಹೊರಸೂಸಿರಬಾರದು. ಅಂಟು ಪೂರ್ತಿ ಒಣಗಿದ ಮೇಲೆಯೇ ಸ್ಲೈಡನ್ನು ಯಂತ್ರದ ತಟ್ಟೆಗೆ ಜೋಡಿಸಬೇಕು, ಹಸಿ ಸ್ಲೈಡ್ ಒಳಗೆ ಅಂಟಿಕೊಂಡರೆ ಆ ಸರದಿಯೇ ನಿಲ್ಲುತ್ತದೆ. ಯಂತ್ರ ತನ್ನ ಸ್ಥಾನ ಗುರುತಿಸಿಕೊಳ್ಳುವ ಚುಕ್ಕೆಗಳ ಮೇಲೆ ಬೆರಳಚ್ಚು, ಶಾಯಿ, ಧೂಳು ಇರಬಾರದು.

ಕೋಶಗಳು ಸಾಕಷ್ಟಿವೆಯೇ ಎಂಬುದನ್ನು ಕಣ್ಣಂದಾಜಿಗೆ ಬಿಡಬಾರದು. ಗರ್ಭಕಂಠದ ಕೋಶಪರೀಕ್ಷೆಯ ವರದಿಗೆ ಬಳಸುವ ಬೆಥೆಸ್ಡಾ ಪದ್ಧತಿಯ ಪ್ರಕಾರ ದ್ರಾವಣ ಆಧಾರಿತ ಸ್ಲೈಡಿನಲ್ಲಿ ಸ್ಪಷ್ಟವಾಗಿ ಕಾಣುವ ಕನಿಷ್ಠ 5,000 ಚಪ್ಪಟೆ ಕೋಶಗಳಿರಬೇಕು. ಲೆಕ್ಕ ಕಷ್ಟವೇನಲ್ಲ. ಸೂಕ್ಷ್ಮದರ್ಶಕದ ಕಣ್ಣುಮಸೂರದ ಮೇಲೆ ಬರೆದಿರುವ ಕ್ಷೇತ್ರಸಂಖ್ಯೆ 20 ಆಗಿದ್ದು 40 ಪಟ್ಟು ಹಿಗ್ಗಿಸುವ ಮಸೂರ ಹಾಕಿದರೆ ಕಾಣುವ ಕ್ಷೇತ್ರದ ವ್ಯಾಸ ಅರ್ಧ ಮಿಲಿಮೀಟರ್. 20 ಮಿಲಿಮೀಟರ್ ವೃತ್ತದಲ್ಲಿ ಅಂಥ 1,600 ಕ್ಷೇತ್ರಗಳಷ್ಟು ವಿಸ್ತೀರ್ಣವಿದೆ. ಅಂದರೆ ಒಂದು ಕ್ಷೇತ್ರಕ್ಕೆ ಸರಾಸರಿ 3.1 ಕೋಶಗಳಿದ್ದರೆ 5,000 ಆಗುತ್ತದೆ. 13 ಮಿಲಿಮೀಟರ್ ವೃತ್ತವಾದರೆ 676 ಕ್ಷೇತ್ರಗಳು, ಸರಾಸರಿ 7.4 ಕೋಶಗಳು ಬೇಕು. ವೃತ್ತದ ಒಂದು ಅಂಚಿನಿಂದ ಎದುರಿನ ಅಂಚಿಗೆ, ನಡುಭಾಗವನ್ನು ಹಾಯ್ದು ಹೋಗುವ ನೇರ ಗೆರೆಯಲ್ಲಿ ಕನಿಷ್ಠ 10 ಕ್ಷೇತ್ರಗಳನ್ನು ಎಣಿಸಿ ಸರಾಸರಿ ತೆಗೆಯಬೇಕು. ಕೋಶಗಳು ದಟ್ಟವಾಗಿರುವ ಕಡೆಯನ್ನಷ್ಟೇ ಆರಿಸಿಕೊಂಡು ಎಣಿಸಬಾರದು. ಒಂದೇ ಒಂದು ಅಸಹಜ ಕೋಶ ಕಂಡರೂ ಎಣಿಕೆ ಎಷ್ಟೇ ಕಡಿಮೆಯಿರಲಿ ಆ ಮಾದರಿಯನ್ನು ಅನರ್ಹವೆಂದು ತಳ್ಳಿಹಾಕುವಂತಿಲ್ಲ, ಕಂಡದ್ದನ್ನು ವರದಿ ಮಾಡಲೇಬೇಕು.

ಎಣಿಕೆ ಸಾಲದಿದ್ದರೆ ಸೀಸೆಯಲ್ಲಿ ಉಳಿದ ಮಾದರಿಯಿಂದ ಇನ್ನೊಂದು ಸ್ಲೈಡ್ ಮಾಡಬೇಕು; ವರದಿ ಹೊರಬೀಳುವ ತನಕ ಸೀಸೆಯನ್ನು ಎಸೆಯಬಾರದೆನ್ನುವುದು ಇದಕ್ಕಾಗಿಯೇ. ಎರಡನೆಯದೂ ಸಾಲದಾದರೆ, ಅಥವಾ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕೋಶಗಳು ರಕ್ತದಿಂದಲೋ ಉರಿಯೂತದ ಕಣಗಳಿಂದಲೋ ಮರೆಯಾಗಿದ್ದು ಅಸಹಜ ಕೋಶ ಯಾವುದೂ ಕಾಣದಿದ್ದರೆ, ಮಾದರಿ ಅನರ್ಹವೆಂದು ಬರೆದು ಮಹಿಳೆಯನ್ನು ಮತ್ತೆ ಕರೆಸಬೇಕು. ಆ ವರದಿಯಲ್ಲಿ ‘ಅನರ್ಹ’ ಎಂಬ ಒಂದೇ ಪದವಿದ್ದರೆ ಮಾದರಿ ತೆಗೆದವರಿಗೆ ಏನೂ ತಿಳಿಯುವುದಿಲ್ಲ. ಜೆಲ್ ಕಂಡಿತೋ, ರಕ್ತ ಹೆಚ್ಚಿತ್ತೋ, ಕೋಶಗಳೇ ಕಡಿಮೆಯಿದ್ದವೋ, ಬ್ರಷ್ಷಿನ ತಲೆ ಸೀಸೆಯಲ್ಲಿ ಇರಲಿಲ್ಲವೋ ಎಂಬುದನ್ನು ಬಿಡಿಸಿ ಬರೆಯಬೇಕು. ಎರಡನೆಯ ಸಲ ಸ್ಪೆಕ್ಯುಲಮ್ ಕೈಗೆತ್ತಿಕೊಳ್ಳುವವರು ಮೊದಲು ಓದಬೇಕಾದದ್ದು ಆ ಸಾಲನ್ನೇ.